ಎರಡು ಸಲ ಬಂದ ಒಂದೂ ನಲವತ್ತು

ಅಕ್ಟೋಬರಿನ ಕೊನೆಯ ಶನಿವಾರ ರಾತ್ರಿ, ಡಂಡೀಯಲ್ಲಿ,
ಎರಡು ಹೊಡೆಯಬೇಕಾದ ಗಡಿಯಾರ ಮತ್ತೆ ಒಂದಕ್ಕೆ ಇಳಿಯುತ್ತದೆ.
ಸರಕಾರದ ಆಜ್ಞೆ. ಚಳಿಗಾಲದ ಬಾಬ್ತು.
ಮೋಯ್ರಾ ಕುರ್ಚಿ ಹತ್ತಿ ಮುಳ್ಳನ್ನು ಹಿಂದಕ್ಕೆ ತಿರುಗಿಸಿ
"ತಗೋ, ಒಂದು ಗಂಟೆ ಪುಕ್ಕಟೆ" ಅಂದಳು.
ಪುಕ್ಕಟೆಯೇ ಸರಿ. ಆ ಗಂಟೆಗೆ ನಮಗೆ ಸಂಬಳವಿರಲಿಲ್ಲ.

ಆ ರಾತ್ರಿ ಕಪ್ಪು ಶಾಯಿಯಲ್ಲಿ ನಾನೇ ಬರೆದದ್ದು:
ಹೆಣ್ಣು. ಮೂರು ಕಿಲೋ ನೂರು ಗ್ರಾಂ. ಒಂದು ಗಂಟೆ ನಲವತ್ತು ನಿಮಿಷ.
ಯಾವ ಒಂದೂ ನಲವತ್ತು ಎಂದು ಕೇಳುವ ಖಾನೆ
ಆ ಹಾಳೆಯಲ್ಲಿರಲಿಲ್ಲ.

ಈಗ ಜುಲೈ. ರಾತ್ರಿ ಹತ್ತಾದರೂ ಟೇ ನದಿಯ ಮೇಲೆ ಬೆಳಕು ಆರಿಲ್ಲ.
ಸರ್ವಮಂಗಳಾ ಚಹಾ ಇಟ್ಟು, ಮೇಜಿನ ಮೇಲೆ ಜಾತಕ ಹರಡಿದ್ದಾಳೆ,
ಒಂದಲ್ಲ, ಎರಡು.
ಉತ್ತರಾಭಾದ್ರ, ಒಂದನೇ ಪಾದ, ದು ಅಕ್ಷರ,
ಹಾಗಾಗಿ ದುರ್ಗಾಂಬಾ. ಶಾಲೆಯಲ್ಲಿ ಡೀ. ಬರೀ ಡೀ.
ಅಲ್ಲಿಯವರೆಗೆ ತಕರಾರಿಲ್ಲ. ತಕರಾರು ಶನಿಯದು.
ಮೊದಲ ಒಂದೂ ನಲವತ್ತಾದರೆ, ಹುಟ್ಟುವಾಗ ಉಳಿದಿದ್ದ ದಶೆ
ಹದಿನಾರು ವರ್ಷ ಮೂರು ತಿಂಗಳು.
ಎರಡನೆಯದಾದರೆ ಹದಿನೈದು ವರ್ಷ, ಐದು ತಿಂಗಳು, ಮೇಲೊಂದು ಪಕ್ಷ.

"ಬುಧ ಏಪ್ರಿಲಿನಲ್ಲೇ ಬಂದು ಕೂತಿದ್ದಾನೋ,
ಇಲ್ಲಾ ಜನವರಿ ಮುಗಿಯುವ ತನಕ ಶನಿಯೇ ಇದ್ದಾನೋ,
ನೀವೇ ಹೇಳಬೇಕು ಅಕ್ಕ, ನೀವೇ ಅಲ್ಲವೇ ಇದ್ದದ್ದು.
ಊಟಕ್ಕೆ ಕೆಳಗೆ ಬರುವುದಿಲ್ಲ. ಬಾಗಿಲು ತೆರೆಯುವುದಿಲ್ಲ.
ಆಗಸ್ಟಿನಲ್ಲಿ ಪರೀಕ್ಷೆಯ ಫಲ."

ಬೆರಳ ಗೆಣ್ಣಿನ ಮೇಲೆ ಎಣಿಸಿದೆ.
ಚಂದ್ರ ಒಂದು ನಕ್ಷತ್ರ ದಾಟಲು ಒಂದು ಹಗಲು, ಒಂದು ರಾತ್ರಿ.
ಅದರಲ್ಲಿ ಇಪ್ಪತ್ನಾಲ್ಕನೇ ಒಂದು ಪಾಲು ಈ ಗಂಟೆ.
ಶನಿಯ ಹತ್ತೊಂಬತ್ತು ವರ್ಷವನ್ನು ಇಪ್ಪತ್ನಾಲ್ಕು ಪಾಲು ಮಾಡಿದರೆ
ಒಂಬತ್ತೂವರೆ ತಿಂಗಳು.
ಮತ್ತೆ ಎಣಿಸಿದೆ. ಒಂಬತ್ತೂವರೆ.
ಮೂವತ್ತೊಂದು ವರ್ಷ ಈ ಕೈ ಎಣಿಸಿದ್ದು ಇದನ್ನೇ:
ದಿನ ತುಂಬಿಯೂ ಹೊರಗೆ ಬರಲೊಲ್ಲದ ಕೂಸಿನ ಲೆಕ್ಕ.

ಒಬ್ಬ ಎದ್ದು ಹೋಗಿದ್ದಾನೆ, ಹೋಗಿಲ್ಲ.
ಇನ್ನೊಬ್ಬ ಒಳಗಿದ್ದಾನೆ, ಹೊಸಿಲಾಚೆ ನಿಂತಿದ್ದಾನೆ.
ನಡುವಿನ ಒಂಬತ್ತೂವರೆ ತಿಂಗಳಲ್ಲಿ ಹುಡುಗಿ,
ಪರದೆ ಎಳೆದುಕೊಂಡು, ಮೊಣಕಾಲು ಎದೆಗೆ ಒತ್ತಿಕೊಂಡು.
ಡಾಕ್ಟರುಗಳ ಇಕ್ಕಳ ಕಂಡವಳು ನಾನು.
ಅವಸರದಲ್ಲಿ ಎಳೆದ ತಲೆಗಳ ಮೇಲಿನ ಗುರುತೂ ಕಂಡಿದ್ದೇನೆ.

ನೆನಪು ಕೆದಕಿದೆ. ಪಶ್ಚಿಮದ ಕಿಟಕಿಯಲ್ಲಿ ತ್ರಯೋದಶಿಯ ಚಂದ್ರ,
ತುಂಬಾ ಕೆಳಗೆ ಇಳಿದಿದ್ದ, ಹಾಗಾದರೆ ಎರಡನೆಯದೇ.
ಅಥವಾ ಅದು ಕಾರ್ ಪಾರ್ಕಿನ ದೀಪವಿರಬೇಕು.
"ಗೊತ್ತಿಲ್ಲ ಸರ್ವಮಂಗಳಾ" ಅಂದೆ. ಅವಳು ನಂಬಲಿಲ್ಲ.

ಹೊರಡುವಾಗ ಮಹಡಿ ಹತ್ತಿ ಬಾಗಿಲ ಬಳಿ ನಿಂತೆ, ತಟ್ಟಲಿಲ್ಲ.
ಒಳಗಿಂದಲೇ ಬಂತು, ಅರ್ಧ ಸ್ಕಾಟ್ಲೆಂಡಿನ ಕನ್ನಡ:
"ಆಂಟಿ, ಹುಟ್ಟಿದ ಕೂಡಲೇ ಅತ್ತೆನಾ ನಾನು?"

ಇಲ್ಲಮ್ಮ. ಕಣ್ಣು ಬಿಟ್ಟುಕೊಂಡು ಸುಮ್ಮನಿದ್ದೆ.
ಮೋಯ್ರಾ ಒರಟು ಟವೆಲಿನಲ್ಲಿ ನಿನ್ನ ಬೆನ್ನು ಉಜ್ಜಿದಳು,
ನಾನು ಅಂಗಾಲು ತಟ್ಟಿದೆ. ಯಾಕೆ ಸದ್ದಿಲ್ಲ, ಯಾಕೆ ಸದ್ದಿಲ್ಲ
ಅನ್ನುತ್ತಿದ್ದಳು ನಿನ್ನಮ್ಮ.
ಗೋಡೆಯ ಕಡೆ ಆಗ ಯಾರೂ ನೋಡಲಿಲ್ಲ.

"ಆಮೇಲೆ?"

ಆಮೇಲೆ, ಇಡೀ ವಾರ್ಡು ಎದ್ದು ಕೂರುವ ಹಾಗೆ.

ಬಾಗಿಲು ತೆರೆಯಲಿಲ್ಲ. ಒಳಗೆ ಎಲ್ಲೋ ಕುರ್ಚಿ ಸರಿದ ಸದ್ದು.
ಕೆಳಗೆ ಸರ್ವಮಂಗಳಾ ಎರಡು ತಟ್ಟೆ ಇಟ್ಟು,
ಮೂರನೆಯದಕ್ಕೆ ಕೈ ಚಾಚಿ, ತಡೆದು, ನನ್ನ ಮುಖ ನೋಡಿದಳು.
ತೆಗಿ, ಅಂದೆ.